ಜೀರೋ ಕ್ಯಾಲೊರಿಯ ಜಿಡ್ಡು

(ಬೆಂಗಳೂರಿನ ಒಂದು ಫ್ಲ್ಯಾಟಿನ ಅಡುಗೆಮನೆ. ಮಾತಾಡುತ್ತಿರುವವರು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಚಿಕ್ಕಮ್ಮ, ಮತ್ತು ಅವರ ಅಕ್ಕನ ಮಗ.)

— ಈ ಪ್ಯಾನಿಗೆ ಏನು ಗತಿ ತಂದಿಟ್ಟಿದ್ದೀಯೋ! ಮಧ್ಯದಲ್ಲಿ ಸರಿಯಾಗೇ ಇದೆ. ಸುತ್ತ ಅಂಚಿಗೆ ನೋಡು, ಬೆಲ್ಲದ ಪಾಕ ಸಿಡಿದು ಒಣಗಿದ ಹಾಗೆ ಕಂದು ಚುಕ್ಕಿ. ಉಗುರು ಹಾಕಿದರೆ ಜಗ್ಗತ್ತೆ, ಏಳಲ್ಲ.

— ದಿನಾ ತೊಳೀತೀನಿ ಚಿಕ್ಕಮ್ಮ. ಸೋಪು ಹಾಕಿ ತಿಕ್ಕುವಾಗ ಹೋಯ್ತು ಅನ್ಸತ್ತೆ, ಒಣಗಿದ ಮೇಲೆ ನೋಡಿದ್ರೆ ಅಲ್ಲೇ ಕೂತಿರತ್ತೆ. ಎಣ್ಣೆ ಸುರೀತೀನಿ ಅಂದ್ಕೋಬೇಡಿ ಮತ್ತೆ. ಚಮಚದಲ್ಲಿ ಎಣ್ಣೆ ಹಾಕೋದನ್ನೇ ಬಿಟ್ಟಿದ್ದೀನಿ. ಈಗೇನಿದ್ದರೂ ಈ ಸ್ಪ್ರೇ. ಇಂಪೋರ್ಟೆಡ್ ಮಾಲು, ಜೀರೋ ಕ್ಯಾಲೊರಿ ಅಂತ ಬರೆದಿದೆ ನೋಡಿ.

— ಕನ್ನಡಕ ಕೊಡು. ಹೂಂ. ಒಳಗಿರೋದು ಏನಂತೆ? ಕನೋಲಾ ಎಣ್ಣೆ, ಲೆಸಿಥಿನ್, ಪ್ರೊಪೆಲೆಂಟ್. ಮೊದಲನೇ ಸಾಮಾನೇ ಎಣ್ಣೆ. ಎಣ್ಣೆ ಯಾವ ಡಬ್ಬಿಯಿಂದ ಬಂದರೂ ಗ್ರಾಮಿಗೆ 9 ಕ್ಯಾಲೊರಿ ಕಣೋ. ಡಬ್ಬಿಗೆ ಹೆದರಿ ಅದು ಸೊನ್ನೆ ಆಗಿಬಿಡತ್ತಾ?

— ಅಂದ್ರೆ ಸುಳ್ಳು ಬರೆದಿದ್ದಾರಾ? ಅಮೆರಿಕದಲ್ಲಿ ಅಷ್ಟು ಸುಲಭವಾಗಿ ಸುಳ್ಳು ಬರೆಯೋಕೆ ಬಿಡಲ್ಲ.

— ಸುಳ್ಳಲ್ಲ, ಲೆಕ್ಕದ ಜಾಣತನ. ಅಲ್ಲಿನ ಕಾನೂನಿನ ಪ್ರಕಾರ ಒಂದು ಸಲಕ್ಕೆ ತಿನ್ನೋ ಪ್ರಮಾಣದಲ್ಲಿ 5 ಕ್ಯಾಲೊರಿಗಿಂತ ಕಡಿಮೆ ಇದ್ರೆ ಸೊನ್ನೆ ಅಂತ ಹಾಕಬಹುದು. ಕೊಬ್ಬು ಅರ್ಧ ಗ್ರಾಮಿಗಿಂತ ಕಡಿಮೆ ಇದ್ರೆ ಅದೂ ಸೊನ್ನೆ. ಈಗ ಆ ‘ಒಂದು ಸಲದ ಪ್ರಮಾಣ’ ಎಷ್ಟು ಅಂತ ಓದು. ಅಕ್ಷರ ಇರುವೆ ಸಾಲಿನಷ್ಟು ಸಣ್ಣ ಇದೆ, ನೀನೇ ಓದು.

— ಕಾಲು ಸೆಕೆಂಡು. ಕಾಲು ಗ್ರಾಮು.

— ಕಾಲು ಸೆಕೆಂಡು ಒತ್ತಿ ಬಿಟ್ಟು ತೋರಿಸು ನೋಡೋಣ.

— ಒತ್ತೋ ಅಷ್ಟರಲ್ಲೇ ಮುಗಿದುಹೋಗತ್ತೆ. ನಾನು ಒಂದು ಸುತ್ತು ಹೊಡೀತೀನಿ, ಮೂರ್ನಾಲ್ಕು ಸೆಕೆಂಡು.

— ಅಂದ್ರೆ ಮೂರ್ನಾಲ್ಕು ಗ್ರಾಮು. ಹೆಚ್ಚುಕಮ್ಮಿ ಒಂದು ಟೀ ಚಮಚ ಎಣ್ಣೆ. ಚಮಚ ಬಿಟ್ಟೆ ಅಂದ್ಯಲ್ಲ, ಎಲ್ಲಿ ಬಿಟ್ಟೆ? ಚಮಚ ಹಿಡಿಯೋದನ್ನು ಬಿಟ್ಟೆ, ಅಷ್ಟೇ.

— ಆಯ್ತು, ಲೆಕ್ಕದಲ್ಲಿ ನೀವು ಗೆದ್ರಿ. ಆದ್ರೂ ದೊಡ್ಡಮ್ಮನ ಮನೆಯಲ್ಲಿ ಒಂದು ದೋಸೆಗೆ ಎರಡು ಚಮಚ ಹೋಗತ್ತೆ. ಅದಕ್ಕಿಂತ ಇದು ವಾಸಿ ಅಲ್ವಾ?

— ವಾಸಿನೇ. ಎಣ್ಣೆ ಅಳತೆಗೆ ಇದು ಒಳ್ಳೇ ಉಪಾಯ, ನಾನು ಇಲ್ಲ ಅನ್ನಲ್ಲ. ನಿಮ್ಮಪ್ಪನಿಗೆ ಹೃದಯದ ತೊಂದರೆ ಆದ ಮೇಲೆ ನಿಮ್ಮಮ್ಮ ಇಂಥದ್ದೊಂದು ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ನನ್ನ ತಕರಾರು ಕ್ಯಾಲೊರಿ ಬಗ್ಗೆ ಅಲ್ಲ, ಈ ಪ್ಯಾನಿನ ಬಗ್ಗೆ. ಯಾವ ಗುಣಕ್ಕೆ ಮರುಳಾಗಿ ಇದನ್ನ ಕೊಂಡ್ಯೋ, ಅದೇ ಗುಣದಿಂದ ನಿನ್ನ ಪ್ಯಾನು ಕೆಟ್ಟಿರೋದು.

— ಯಾವ ಗುಣ?

— ತೆಳುವಾಗಿ ಹರಡೋ ಗುಣ. ಎಣ್ಣೆಯ ಅಣುವಿನಲ್ಲಿ ಉದ್ದುದ್ದ ಸರಪಳಿಗಳಿರತ್ತೆ. ಕೆಲವು ಸರಪಳಿಗಳಲ್ಲಿ ಅಲ್ಲಲ್ಲಿ ದ್ವಿಬಂಧ. ಇದು ನಿನಗೆ ಪಿಯುಸಿಯಲ್ಲೇ ಬಂದಿರಬೇಕು, ಪಾಸಾಗಿದ್ದೀಯಲ್ಲ! ಬಿಸಿ ಮತ್ತು ಆಮ್ಲಜನಕ ಎರಡೂ ಸಿಕ್ಕಿದರೆ ಆ ಜಾಗದಲ್ಲಿ ಸರಪಳಿ ಪಕ್ಕದ ಸರಪಳಿಗೆ ಗಂಟು ಹಾಕಿಕೊಳ್ಳತ್ತೆ. ಅದು ಇನ್ನೊಂದಕ್ಕೆ, ಇನ್ನೊಂದು ಮತ್ತೊಂದಕ್ಕೆ. ಕೊನೆಗೆ ಹರಿಯೋ ಎಣ್ಣೆ ಹೋಗಿ ಬಲೆ ಹೆಣೆದ ಘನವಸ್ತು ಆಗತ್ತೆ. ಪಾಲಿಮರ್. ನೀನು ಜಿಡ್ಡು ಜಿಡ್ಡು ಅಂತ ಬೈಯ್ಯೋದು ಎಣ್ಣೇನೇ ಅಲ್ಲ ಈಗ, ಒಂಥರಾ ವಾರ್ನಿಶ್. ಅದಕ್ಕೇ ಪಾತ್ರೆ ಸೋಪಿಗೆ ಬಗ್ಗಲ್ಲ. ಎಣ್ಣೆಯನ್ನ ಕಟ್ಟಿ ಒಯ್ಯೋಕೆ ಅದಕ್ಕೆ ಬರತ್ತೆ, ವಾರ್ನಿಶ್ ಕೀಳೋಕೆ ಬರಲ್ಲ.

— ಬಾಟಲಿಯಿಂದ ಹಾಕಿದ ಎಣ್ಣೆಗೂ ಬಿಸಿ ತಾಗತ್ತೆ, ಗಾಳಿ ತಾಗತ್ತೆ. ಅದು ಯಾಕೆ ಹೀಗಾಗಲ್ಲ?

— ಆಗತ್ತೆ, ನಿಧಾನ. ಬಾಣಲೆಯಲ್ಲಿ ಎರಡು ಬೆರಳು ಎಣ್ಣೆ ಇದ್ರೆ ಗಾಳಿ ಸಿಕ್ಕೋದು ಮೇಲಿನ ಪದರಕ್ಕೆ ಮಾತ್ರ. ಹಬ್ಬದಲ್ಲಿ ಕಜ್ಜಾಯ, ಬೋಂಡಾ ಅಂತ ಕರಿದು ಮುಗಿಸಿದ ಮೇಲೆ ಬಾಣಲೆ ನೋಡು. ಎಣ್ಣೆ ಇದ್ದ ಜಾಗದಲ್ಲಿ ಅಂಟು ಕಮ್ಮಿ. ಎಣ್ಣೆಯ ಮೇಲ್ಗಡೆ, ಬರೀ ಹನಿ ಸಿಡಿದ ಕಡೆ ಕಂದು ಪಟ್ಟೆ. ಸ್ಪ್ರೇ ಅಂದ್ರೆ ಪೂರ್ತಿ ಹನಿ ಸಿಡಿತ. ಮಂಜಿನಷ್ಟು ಸಣ್ಣ ಹನಿ, ಒಂದೊಂದರ ಸುತ್ತಲೂ ಗಾಳಿ. ಮಧ್ಯದಲ್ಲಿ ಬಿದ್ದದ್ದನ್ನ ಮೊಟ್ಟೆಯೋ ದೋಸೆಯೋ ಹೀರಿಕೊಂಡು ಹೋಗತ್ತೆ. ಪಕ್ಕಕ್ಕೆ ಬಿದ್ದದ್ದನ್ನ ಕೇಳೋರಿಲ್ಲ, ಅಲ್ಲೇ ಕಾದು ಕೂತುಬಿಡತ್ತೆ. ಅದಕ್ಕೇ ನಿನ್ನ ಪ್ಯಾನು ಮಧ್ಯದಲ್ಲಿ ಸರಿ, ಅಂಚಿನಲ್ಲಿ ಹಾಳು. ಒಲೆ ಹಿಂದಿನ ಟೈಲ್ಸ್ ಮೇಲೂ ಕೈ ಸವರು.

— ಅಯ್ಯೋ, ಹೌದಲ್ಲ! ಇಲ್ಲೀವರೆಗೂ ಬಂದಿದೆ.

— ಎಣ್ಣೆಯ ಜಾತಿನೂ ನೋಡಬೇಕು. ಎಷ್ಟು ದ್ವಿಬಂಧ ಇದೆ ಅಂತ ಅಳೆಯೋಕೆ ಅಯೋಡಿನ್ ಮೌಲ್ಯ ಅಂತ ಒಂದು ಲೆಕ್ಕ. 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹಿಡಿದುಕೊಳ್ಳತ್ತೆ ಅಂತ. ಕೊಬ್ಬರಿ ಎಣ್ಣೆಯದು 10ರ ಆಸುಪಾಸು, ಕಡಲೆಕಾಯಿ ಎಣ್ಣೆಯದು 90ರ ಸುಮಾರು, ಸೂರ್ಯಕಾಂತಿ, ಸೋಯಾ 130ರ ಹತ್ತಿರ. ಅಗಸೆ ಎಣ್ಣೆ 180. ಮರದ ಬಾಗಿಲಿಗೆ ಅಗಸೆ ಎಣ್ಣೆ ಬಳಿದರೆ ಒಣಗಿ ಗಟ್ಟಿಯಾಗೋದು, ತೈಲವರ್ಣದ ಚಿತ್ರ ಶತಮಾನಗಟ್ಟಲೆ ಕ್ಯಾನ್ವಾಸಿಗೆ ಕಚ್ಚಿಕೊಂಡಿರೋದು ಎಲ್ಲಾ ಈ ಗುಣದಿಂದಲೇ. ಅಂಕಿ ಏರಿದಷ್ಟೂ ಬೇಗ ಅಂಟು. ನಿನ್ನ ಕನೋಲಾ ಕಡಲೆಕಾಯಿ ಎಣ್ಣೆಗಿಂತ ಮೇಲೇ ಇದೆ.

— ಮತ್ತೆ ಈ ಲೆಸಿಥಿನ್ ಏನು? ಸೋಯಾದಿಂದ ತೆಗೆದಿದ್ದು ಅಂತ ಹಾಕಿದ್ದಾರೆ.

— ಮೊಟ್ಟೆಯ ಹಳದಿಯಲ್ಲೂ ಇರತ್ತೆ. ತಿನ್ನೋಕೆ ಅದರಿಂದ ಏನೂ ಭಯವಿಲ್ಲ. ಅದರ ಅಣುವಿನ ಒಂದು ತುದಿಗೆ ಎಣ್ಣೆ ಇಷ್ಟ, ಇನ್ನೊಂದಕ್ಕೆ ನೀರು. ಅದು ಪಾತ್ರೆಗೂ ಅಡುಗೆಗೂ ನಡುವೆ ಅಡ್ಡ ಕೂತು ಒಂದಕ್ಕೊಂದು ತಾಗದ ಹಾಗೆ ನೋಡ್ಕೊಳ್ಳತ್ತೆ. ಅಷ್ಟು ಕಡಿಮೆ ಎಣ್ಣೆಯಲ್ಲೂ ಮೊಟ್ಟೆ ಏಳೋದು ಅದರ ಪುಣ್ಯದಿಂದ. ಸ್ಪ್ರೇ ಹುಟ್ಟಿದ್ದೇ ಹೀಗೆ. 1950ರ ದಶಕದ ಕೊನೆಯಲ್ಲಿ ಷಿಕಾಗೋದ ಜಾಹೀರಾತು ಉದ್ಯಮಿ ಆರ್ಥರ್ ಮೇಯರ್‌ಹಾಫ್, ಲಿಯಾನ್ ರೂಬಿನ್ ಅನ್ನೋರ ಜೊತೆ ಸೇರಿ ಎಣ್ಣೆಗೆ ಲೆಸಿಥಿನ್ ಬೆರೆಸಿ ಪ್ಯಾಮ್ ಅಂತ ಮಾರುಕಟ್ಟೆಗೆ ಬಿಟ್ಟ. ಆಗಿನ್ನೂ ನಾನ್‌ಸ್ಟಿಕ್ ಪಾತ್ರೆ ಅಮೆರಿಕದ ಮನೆಮನೆಗೆ ಬಂದಿರಲಿಲ್ಲ. ಅಂಟೋ ಪಾತ್ರೆಗೆ ಇದೇ ಔಷಧಿ. ಈಗ ನೀನು ಅಂಟದ ಪಾತ್ರೆಗೆ ಅಂಟದ ಔಷಧಿ ಹೊಡೆದು ಅಂಟು ತರಿಸಿಕೊಂಡಿದ್ದೀಯ.

— ಚಿಕ್ಕಮ್ಮ!

— ತಮಾಷೆ ಅಲ್ಲ ಕಣೋ. ಲೆಸಿಥಿನ್ ಬಿಸಿಗೆ ಬೇಗ ಕಂದು ಬಣ್ಣಕ್ಕೆ ತಿರುಗತ್ತೆ. ಬರೀ ಎಣ್ಣೆ ನಾನ್‌ಸ್ಟಿಕ್ ಮೇಲೆ ಹನಿಹನಿಯಾಗಿ ಜಾರಾಡತ್ತೆ, ಇದು ಸೇರಿದರೆ ಮೈಗೆ ಮೆತ್ತಿಕೊಳ್ಳತ್ತೆ. ಒಂದು ಸಲ ಪದರ ಕೂತರೆ ಮುಗೀತು. ಮಾರನೇ ದಿನ ನೀನು ಒಡೆದು ಹಾಕೋ ಮೊಟ್ಟೆ ತಾಗೋದು ಟೆಫ್ಲಾನಿಗಲ್ಲ, ನಿನ್ನೆಯ ವಾರ್ನಿಶ್ಶಿಗೆ. ಅದು ಹಿಡ್ಕೊಳ್ಳತ್ತೆ. ಅಂಟ್ತಾ ಇದೆ ಅಂತ ನೀನು ಇನ್ನೊಂದು ಸುತ್ತು ಜಾಸ್ತಿ ಹೊಡೀತೀಯ.

— ಅದನ್ನೇ ಮಾಡಿದ್ದು. ಪ್ಯಾನಿನ ಜೊತೆ ಬಂದ ಚೀಟಿಯಲ್ಲಿ ಸ್ಪ್ರೇ ಬಳಸಬೇಡಿ ಅಂತ ಇತ್ತು ಅನ್ಸತ್ತೆ. ಏರ್ ಫ್ರೈಯರ್ ಪುಸ್ತಕದಲ್ಲೂ ಇತ್ತು. ತಮ್ಮದೇ ಎಣ್ಣೆ ಬಾಟಲಿ ಮಾರೋಕೆ ಹೀಗೆ ಬರೀತಾರೆ ಅಂದ್ಕೊಂಡೆ.

— ಡಬ್ಬಿ ಮೇಲಿನ ಸೊನ್ನೆ ನಂಬಿದೆ, ಚೀಟಿ ನಂಬಲಿಲ್ಲ.

— ಸರಿ, ನನಗೂ ಒಂದು ಪ್ರಶ್ನೆ ಇದೆ. ಅಜ್ಜಿಯ ಕಬ್ಬಿಣದ ಹೆಂಚಿಗೂ ತೆಳ್ಳಗೆ ಎಣ್ಣೆ ಸವರಿ ಸವರಿ ಕಾಯಿಸ್ತಿದ್ದರು. ನಿಮ್ಮ ಲೆಕ್ಕದ ಪ್ರಕಾರ ಅದೂ ವಾರ್ನಿಶ್. ಹೆಂಚಿಗೆ ಆದ್ರೆ ಪಳಗಿದೆ ಅಂತೀರಿ, ನನ್ನ ಪ್ಯಾನಿಗೆ ಆದ್ರೆ ಕೆಟ್ಟಿದೆ ಅಂತೀರಿ. ಇದ್ಯಾವ ನ್ಯಾಯ?

— ಶಹಬ್ಬಾಸ್. ಇದು ಪ್ರಶ್ನೆ. ರಾಸಾಯನಿಕ ಕ್ರಿಯೆ ಎರಡೂ ಕಡೆ ಒಂದೇ, ಒಪ್ಕೊಂಡೆ. ಅಜ್ಜಿ ಹೆಂಚನ್ನ ಹ್ಯಾಗೆ ಪಳಗಿಸ್ತಿದ್ದರು, ನೆನಪಿದೆಯಾ?

— ಅರ್ಧ ಈರುಳ್ಳಿ. ಚಾಕು ತುದಿಗೆ ಚುಚ್ಚಿ ಎಣ್ಣೆಯಲ್ಲಿ ಅದ್ದಿ ತಿಕ್ಕೋರು. ಈರುಳ್ಳಿ ಇಲ್ಲದಿದ್ದರೆ ಬದನೆಕಾಯಿ ತೊಟ್ಟು.

— ಕರಾವಳಿ ಕಡೆ ತೆಂಗಿನ ನಾರಿನ ಕುಚ್ಚು, ಕೆಲವರ ಮನೆಯಲ್ಲಿ ಬಾಳೆದಿಂಡಿನ ತುಂಡು, ಹಳೇ ಮಲ್ಲು ಪಂಚೆಯ ಗಂಟು. ಸಾಧನ ಯಾವುದೇ ಇರಲಿ, ಕೈ ಮಾಡೋದು ಎರಡು ಕೆಲಸ. ಎಣ್ಣೆ ಹಚ್ಚೋದು, ಹೆಚ್ಚಾದ ಎಣ್ಣೆ ಒರೆಸಿ ತೆಗೆಯೋದು. ಹೋದ ದೋಸೆಯ ಹುಡಿಯೂ ಅದರ ಜೊತೆ ಬರತ್ತೆ. ಉಳಿದಿದ್ದು ಕಣ್ಣಿಗೆ ಕಾಣದಷ್ಟು ತೆಳು, ಎಲ್ಲಾ ಕಡೆ ಸಮ. ಆಮೇಲೆ ಹೆಂಚು ಹೊಗೆಯಾಡೋವಷ್ಟು ಕಾಯತ್ತೆ, ಪದರ ಪೂರ್ತಿ ಬೆಂದು ಕಬ್ಬಿಣಕ್ಕೆ ಕಚ್ಚಿಕೊಂಡು ನುಣ್ಣಗಾಗತ್ತೆ. ನಿನ್ನ ಡಬ್ಬಿಗೆ ಹಚ್ಚೋದು ಗೊತ್ತು, ಒರೆಸೋದು ಗೊತ್ತಿಲ್ಲ. ಅದೂ ಅಲ್ಲದೆ ನಾನ್‌ಸ್ಟಿಕ್ಕನ್ನ ನೀನು ಅಷ್ಟು ಕಾಯಿಸೋ ಹಾಗೂ ಇಲ್ಲ. ಪದರ ಅರೆಬೆಂದು ಅಂಟಂಟಾಗೇ ಉಳಿಯತ್ತೆ. ಪೂರ್ತಿ ಬೆಂದದ್ದು ಜಾರತ್ತೆ, ಅರ್ಧ ಬೆಂದದ್ದು ಹಿಡಿಯತ್ತೆ.

— ಹಾಗಾದ್ರೆ ಜೋರಾಗಿ ಕಾಯಿಸಿಬಿಟ್ರೆ?

— ಬೇಡ! ಆ ಲೇಪ 260 ಡಿಗ್ರಿ ಸೆಲ್ಷಿಯಸ್ ದಾಟಿದ ಮೇಲೆ ಕೆಡೋಕೆ ಶುರುವಾಗತ್ತೆ. ಖಾಲಿ ಪ್ಯಾನನ್ನ ದೊಡ್ಡ ಉರಿಯಲ್ಲಿ ಬಿಟ್ಟು ಫೋನ್ ಹಿಡಿದರೆ ಕೆಲವೇ ನಿಮಿಷದಲ್ಲಿ ಅಲ್ಲಿಗೆ ಮುಟ್ಟತ್ತೆ. ಇನ್ನೊಂದು ಮಾತು, ನೀನು ಇದನ್ನ ಹೊಡೆಯೋದು ಒಲೆ ಮೇಲೆ ಪ್ಯಾನ್ ಇಟ್ಟ ಮೇಲೋ, ಮೊದಲೋ?

— ಮೇಲೆ. ಕಾದ ಮೇಲೆ ಹೊಡೆದರೆ ಚೆನ್ನಾಗಿ ಹರಡತ್ತೆ.

— ಉರಿ ಇರುವಾಗ?

— ಹೂಂ.

— ಪ್ರೊಪೆಲೆಂಟ್ ಅಂತ ಬರೆದಿದೆಯಲ್ಲ, ಅದು ಏನು ಅಂದ್ಕೊಂಡೆ? ಮೊದಲು ಸಿಎಫ್‌ಸಿ ಇರ್ತಿತ್ತು. ಓಜೋನ್ ಪದರದ ಗಲಾಟೆ ಎದ್ದ ಮೇಲೆ 1978ರಲ್ಲಿ ಅಮೆರಿಕ ಸ್ಪ್ರೇ ಡಬ್ಬಿಗಳಲ್ಲಿ ಅದನ್ನ ನಿಷೇಧಿಸಿತು. ಈಗ ಇಂಥ ಹೆಚ್ಚಿನ ಡಬ್ಬಿಗಳಲ್ಲಿ ಇರೋದು ಬ್ಯೂಟೇನು, ಪ್ರೊಪೇನು. ನಿನ್ನ ಅಡುಗೆಮನೆ ಮೂಲೆಯಲ್ಲಿ ನಿಂತಿರೋ ಸಿಲಿಂಡರ್ ಒಳಗೂ ಅದೇ ಎರಡು. ಒಂದರಿಂದ ಉರಿ ಹಚ್ಚಿ ಇನ್ನೊಂದರಿಂದ ಅದರ ಮೇಲೆ ಗ್ಯಾಸ್ ಊದ್ತಾ ಇದ್ದೀಯ, ಎಣ್ಣೆ ಹನಿ ಬೇರೆ ಸೇರಿಸಿ.

— ಒಂದು ಸಲ ಭುಗ್ ಅಂತ ಎದ್ದಿತ್ತು. ಎಣ್ಣೆ ಜಾಸ್ತಿ ಆಗಿರಬೇಕು ಅಂದ್ಕೊಂಡೆ.

— ದೇವರು ದೊಡ್ಡವನು. ಅಮೆರಿಕದಲ್ಲಿ ಎಷ್ಟೋ ಮನೆಗಳಲ್ಲಿ ಕರೆಂಟ್ ಒಲೆ, ಉರಿಯೇ ಕಾಣಲ್ಲ. ಅಲ್ಲೂ ಉರಿಯ ಹತ್ತಿರ ಹೊಡೀಬೇಡಿ ಅಂತಲೇ ಡಬ್ಬಿ ಮೇಲೆ ಬರೆದಿರತ್ತೆ. ನಮ್ಮದು ಎಲ್ಲಾ ಬಯಲು ಉರಿ. ಹೊಡೆಯಲೇಬೇಕು ಅಂದ್ರೆ ತಣ್ಣಗಿರೋ ಪಾತ್ರೆಗೆ, ಸಿಂಕಿನ ಹತ್ತಿರ ಹಿಡಿದು ಹೊಡಿ, ಆಮೇಲೆ ಒಲೆ ಮೇಲಿಡು. ಡಬ್ಬಿಯನ್ನ ಒಲೆ ಪಕ್ಕದ ಶೆಲ್ಫಿನಿಂದ ಮೊದಲು ಎತ್ತು. ಬಿಸಿ ತಾಗಿದರೆ ಅದು ಸಿಡಿಯೋ ಸಾಮಾನು.

— ಎತ್ತಿದೆ. ಈಗ ಪ್ಯಾನಿಗೆ ಬನ್ನಿ. ಯೂಟ್ಯೂಬಿನಲ್ಲಿ ಒಬ್ಬಳು ಸೋಡಾ ಹಾಕಿ ಅದರ ಮೇಲೆ ವಿನೆಗರ್ ಸುರಿದಳು. ಬುಸ್ ಅಂತ ನೊರೆ ಬಂತು, ಪಾತ್ರೆ ಫಳಫಳ. ನಾನು ಅರ್ಧ ಬಾಟಲಿ ವಿನೆಗರ್ ಸುರಿದೆ, ನೊರೆ ಬಂತು, ಅಷ್ಟೇ.

— ಕ್ಷಾರಕ್ಕೆ ಆಮ್ಲ ಹಾಕಿದ್ರೆ ಏನಾಗತ್ತೆ?

— ಲವಣ, ನೀರು... ಓ.

— ಒಂದನ್ನೊಂದು ತಿಂದುಹಾಕಿದವು. ಉಳಿದಿದ್ದು ಸೋಡಿಯಂ ಅಸಿಟೇಟ್ ಕರಗಿದ ನೀರು. ಹುಳಿ ಕೆಲಸ ಮಾಡೋದು ಹಿತ್ತಾಳೆ, ತಾಮ್ರದ ಕಿಲುಬಿಗೆ. ಅದಕ್ಕೇ ದೇವರ ದೀಪಕ್ಕೆ ಹುಣಸೆಹಣ್ಣು. ಎಣ್ಣೆ ಅಂಟಿಗೆ ಬೇಕಾದ್ದು ಕ್ಷಾರ. ಹಿಂದೆ ಎಣ್ಣೆ ಪಾತ್ರೆಗೆ ಬೂದಿ ಹಾಕ್ತಿದ್ದದ್ದು ಬರೀ ಒರಟುತನಕ್ಕಲ್ಲ, ಕಟ್ಟಿಗೆ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೋನೇಟ್ ಇರತ್ತೆ. ಎಣ್ಣೆಯ ಸರಪಳಿಗಳನ್ನ ಬುಡದಲ್ಲಿ ಕತ್ತರಿಸಿ ಸಾಬೂನು ಮಾಡತ್ತೆ. ಜೊತೆಗೆ ತೆಂಗಿನ ನಾರು. ಈಗಿನ ಯಾವ ಕಂಪನಿಯ ಬಾರ್ ಸೋಪಿಗೂ ಅದು ಕಡಿಮೆ ಇರಲಿಲ್ಲ.

— ಬೂದಿ ಎಲ್ಲಿಂದ ತರಲಿ, ಆರನೇ ಮಹಡಿಯಲ್ಲಿ?

— ತಂದರೂ ಇದಕ್ಕೆ ಹಾಕಬೇಡ. ಇದರ ಒಡಲು ಅಲ್ಯೂಮಿನಿಯಂ. ಜೋರು ಕ್ಷಾರ ಅದನ್ನ ತಿನ್ನತ್ತೆ, ಕಪ್ಪಾಗಿಸತ್ತೆ. ವಾಷಿಂಗ್ ಸೋಡಾ ಬೇಡ, ಓವನ್ ಕ್ಲೀನರ್ ಬೇಡವೇ ಬೇಡ, ಅದು ಕಾಸ್ಟಿಕ್. ಅಡುಗೆ ಸೋಡಾ ಸಾಕು. ಪ್ಯಾನಿನ ಅಂಚು ಮುಳುಗೋ ಹಾಗೆ ನೀರು ಹಾಕು, ಎರಡು ಚಮಚ ಸೋಡಾ, ಎರಡು ಹನಿ ಪಾತ್ರೆ ಸೋಪು. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡು. ಬಿಸಿ ನೀರಿನಲ್ಲಿ ಸೋಡಾ ಒಂದಿಷ್ಟು ಕಾರ್ಬೋನೇಟ್ ಆಗಿ ಸ್ವಲ್ಪ ಜೋರಾಗತ್ತೆ, ಲೇಪಕ್ಕೆ ತೊಂದರೆ ಕೊಡೋವಷ್ಟಲ್ಲ. ಉರಿ ಆರಿಸಿ, ಕೈ ತಡೆಯೋ ಬಿಸಿಗೆ ಬಂದ ಮೇಲೆ ನೀರು ಚೆಲ್ಲಿ ಮೆತ್ತನೆ ಸ್ಪಂಜಿನಲ್ಲಿ ಉಜ್ಜು. ಬಿಸಿ ಪ್ಯಾನನ್ನ ನಲ್ಲಿ ಕೆಳಗೆ ಹಿಡಿಯೋ ಚಾಳಿ ಇದ್ರೆ ಬಿಡು, ತಳ ಡೊಂಕಾಗತ್ತೆ.

— ಅದಕ್ಕೂ ಬಗ್ಗದಿದ್ರೆ?

— ಸೋಡಾವನ್ನ ನೀರಲ್ಲಿ ಗಟ್ಟಿಯಾಗಿ, ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ ಚುಕ್ಕಿಗಳ ಮೇಲೆ ಮೆತ್ತಿ ರಾತ್ರಿ ಪೂರ್ತಿ ಬಿಡು. ಬೆಳಗ್ಗೆ ಒದ್ದೆ ಬಟ್ಟೆಯಿಂದ ಸುತ್ತು ಸುತ್ತಾಗಿ ತಿಕ್ಕು. ಒಂದೇ ದಿನಕ್ಕೆ ಎಲ್ಲಾ ಹೋಗಬೇಕು ಅಂತ ಸ್ಟೀಲ್ ಜುಂಗು ಹಿಡಿಬೇಡ. ಮ್ಯಾಜಿಕ್ ಸ್ಪಂಜು ಅಂತ ಬಿಳೀದು ಬರತ್ತಲ್ಲ, ಮುಟ್ಟಿದರೆ ಮೆತ್ತಗಿದ್ದರೂ ಅದೂ ಉಪ್ಪುಕಾಗದದ ವಂಶವೇ. ಇನ್ನೂ ಹಸಿ ಹಸಿಯಾಗಿ ಅಂಟ್ತಿರೋ ಕಡೆ ಸೋಡಾಕ್ಕೆ ಮುಂಚೆ ಎರಡು ತೊಟ್ಟು ಹೊಸ ಎಣ್ಣೆ ಹಾಕಿ, ಉಗುರು ಬೆಚ್ಚಗೆ ಮಾಡಿ ಬಟ್ಟೆಯಿಂದ ಒರೆಸಿ ನೋಡು. ಪೂರ್ತಿ ಗಟ್ಟಿಯಾಗದ ಅಂಟು ಎಣ್ಣೆಯಲ್ಲಿ ಸಡಿಲ ಆಗತ್ತೆ.

— ಎಣ್ಣೆ ಕಲೆಗೆ ಎಣ್ಣೇನಾ! ಸ್ಟೀಲ್ ಪಾತ್ರೆಗೂ ಇದೇನಾ ಉಪಾಯ?

— ಸ್ಟೀಲಿಗೆ ಧೈರ್ಯವಾಗಿ ವಾಷಿಂಗ್ ಸೋಡಾ ಹಾಕು, ಕೈಗೆ ಗ್ಲೌಸ್ ಹಾಕ್ಕೋ. ಏರ್ ಫ್ರೈಯರ್ ಬುಟ್ಟಿಗೆ ಪ್ಯಾನಿನದೇ ಕ್ರಮ, ಜಾಲರಿಯ ಸಂದಿಗೆ ಹಳೇ ಟೂತ್‌ಬ್ರಷ್. ಅಜ್ಜಿಯ ಹೆಂಚಿಗೆ ಮಾತ್ರ ಇದ್ಯಾವುದನ್ನೂ ಮಾಡಬೇಡ, ನಲವತ್ತು ವರ್ಷದ ಪಳಗು ಒಂದು ರಾತ್ರಿಗೆ ಎದ್ದು ಹೋಗತ್ತೆ. ಕಲ್ಲುಪ್ಪು ಹಾಕಿ ಬಟ್ಟೆಯಿಂದ ತಿಕ್ಕಿ ಒರೆಸಿಡು, ಸಾಕು.

— ಸರಿ. ಆದ್ರೆ ನೀವು ಸ್ಪ್ರೇಗೆ ಪೂರ್ತಿ ಅನ್ಯಾಯ ಮಾಡ್ತಿದ್ದೀರಿ. ಪಡ್ಡಿನ ಕಾವಲಿ ತಗೊಳ್ಳಿ. ಹನ್ನೆರಡು ಗುಳಿ, ಒಂದೊಂದಕ್ಕೆ ಎಣ್ಣೆ ಬಿಟ್ಟರೆ ತಳದಲ್ಲಿ ಕೊಳ ನಿಲ್ಲತ್ತೆ, ಮೇಲೆ ಒಣ ಒಣ. ಈರುಳ್ಳಿ ಒಳಗೆ ಹೋಗಲ್ಲ. ಸ್ಪ್ರೇ ಒಂದು ಸುತ್ತು ಹೊಡೆದರೆ ಗುಳಿಯ ಪೂರ್ತಿ ಒಳಮೈಗೆ ಹತ್ತತ್ತೆ. ಇಡ್ಲಿ ತಟ್ಟೆಗೂ ಅಷ್ಟೇ, ಕೇಕ್ ಟಿನ್ನಿನ ಮೂಲೆಗೂ ಅಷ್ಟೇ.

— ಒಪ್ಪಿದೆ. ಆ ಜಾಗದಲ್ಲಿ ಹಿಟ್ಟು ಬಂದು ಎಣ್ಣೆ ಹತ್ತಿದ ಕಡೆಯೆಲ್ಲಾ ಮುಚ್ಚಿಬಿಡತ್ತೆ, ಬರೀ ಮೈ ಉಳಿಯೋದೇ ಕಮ್ಮಿ. ಇಡ್ಲಿ ತಟ್ಟೆ ಹಬೆಯ ಬಿಸಿ ದಾಟಲ್ಲ, ವಾರ್ನಿಶ್ ಆಗೋ ಪ್ರಶ್ನೆಯೇ ಇಲ್ಲ. ಇಡ್ಲಿ ತಟ್ಟೆಗೆ ಸ್ಪ್ರೇ, ಭೇಷ್. ನಾನೂ ಹೊಡೆಸ್ಕೋತೀನಿ.

— ಏರ್ ಫ್ರೈಯರಿಗೆ?

— ಬುಟ್ಟಿಗೆ ಹೊಡೀಬೇಡ, ತಿಂಡಿಗೆ ಹಚ್ಚು. ಆಲೂಗಡ್ಡೆ ಹೋಳನ್ನ ಬೋಗುಣಿಯಲ್ಲಿ ಹಾಕಿ ಒಂದು ಚಮಚ ಎಣ್ಣೆ ಬಿಟ್ಟು ಕೈಯಲ್ಲಿ ಕಲೆಸಿದರೆ ಯಾವ ಸ್ಪ್ರೇಗಿಂತಲೂ ಸಮವಾಗಿ ಹತ್ತತ್ತೆ. ತುಂತುರೇ ಬೇಕು ಅಂದ್ರೆ ಪಂಪ್ ಬಾಟಲಿ ಸಿಗತ್ತೆ, ಕಡಲೆಕಾಯಿ ಎಣ್ಣೆ ತುಂಬಿಸ್ಕೋ. ಲೆಸಿಥಿನ್ ಇಲ್ಲ, ಗ್ಯಾಸ್ ಇಲ್ಲ. ಮೂತಿಯಲ್ಲಿ ಎಣ್ಣೆ ಗಟ್ಟಿಯಾಗಿ ಕಟ್ಟಿಕೊಳ್ಳತ್ತೆ, ಆಗಾಗ ಬಿಸಿನೀರು ಸೋಪಿನಲ್ಲಿ ಒತ್ತಿ ಒತ್ತಿ ತೊಳೆದು, ಒಣಗಿಸಿ ತುಂಬಬೇಕು.

— ಚಿಕ್ಕಮ್ಮ, ಇಲ್ಲಿ ನೋಡಿ. ಈ ಒಂದು ಕಲೆ ಮಾತ್ರ ಬೇರೆ ಥರ ಇದೆ. ಬೆಳ್ಳಗೆ ಹೊಳೀತಿದೆ.

— ಬೆರಳ ತುದಿ ಆಡಿಸಿ ನೋಡು. ಅಂಟಾಗಿದ್ರೆ ಉಬ್ಬಿರತ್ತೆ. ಇದು ತಗ್ಗು. ಲೇಪ ಎದ್ದು ಅಲ್ಯೂಮಿನಿಯಂ ಕಾಣ್ತಾ ಇದೆ. ಸ್ಟೀಲ್ ಜುಂಗು ಹಾಕಿದ್ಯಾ?

— ಕೆಲಸದವರು... ಇಲ್ಲ, ನಾನೇ. ವಿನೆಗರ್ ಕೈಕೊಟ್ಟ ಮೇಲೆ.

— ಹಾಗಿದ್ರೆ ಇಷ್ಟು ಹೊತ್ತು ಹೇಳಿದ್ದೆಲ್ಲಾ ಮುಂದಿನ ಪ್ಯಾನಿಗೆ ಅಂತ ಇಟ್ಕೋ. ಇದನ್ನ ಗುಜರಿಗೆ ಹಾಕು. ಅಲ್ಯೂಮಿನಿಯಂ, ಒಳ್ಳೇ ರೇಟು ಕೊಡ್ತಾನೆ.

— ಈ ಡಬ್ಬೀನೂ ಅವನಿಗೇ ಕೊಟ್ಟುಬಿಡ್ತೀನಿ.

— ತುಂಬಿದ ಡಬ್ಬಿ ಕೊಡಬೇಡ ಮಾರಾಯ, ಅವನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡ್ತಾನೆ. ಇಡ್ಲಿ ತಟ್ಟೆಗೆ ಹೊಡೆದು ಹೊಡೆದು ಖಾಲಿ ಮಾಡಿ ಕೊಡು.

— ಇಡ್ಲಿ ನಾನು ಮಾಡೋದು ಯಾವಾಗಲೋ ಒಂದು ಸಲ. ಬಾಲ್ಕನಿ ಬಾಗಿಲಿನ ಕೀಲು ಕಿರ್ ಅಂತಿದೆ, ಅದಕ್ಕೆ ಹೊಡೆದು ಮುಗಿಸ್ತೀನಿ.

— ಇಷ್ಟು ಹೊತ್ತು ಯಾರಿಗೋ ಹೇಳಿದ್ದು ನಾನು? ಕೀಲಿನ ಮೇಲೂ ಅದು ಗಾಳಿಗೆ ಗಟ್ಟಿಯಾಗತ್ತೆ. ಮಳೆಗಾಲದ ಹೊತ್ತಿಗೆ ನಿನ್ನ ಬಾಗಿಲು ಕಿರ್ ಅನ್ನೋದೂ ಇಲ್ಲ, ತೆರೆಯೋದೂ ಇಲ್ಲ. ಹೊಲಿಗೆ ಮಷಿನ್ ಎಣ್ಣೆ ತಗೊಂಡು ಬಾ ಹೋಗು.